ಅಮರವ್ವ ಮೂರು ದಾಟು ದಾಟಿದ್ದು

ಬಹಳ ಬಹಳ ಹಿಂದ, ಕೃಷ್ಣಾ ಹೊಳಿ ಎರಡಾಗಿ ಸೀಳಿ ಮತ್ತ ಒಂದಾಗೋ ಕಡೆ, ನೀರಿನ ನಡುವ ಒಂದು ಗಡ್ಡಿ ಇತ್ತು. ಗಡ್ಡಿ ಮ್ಯಾಲೆ ಒಂದು ಊರು. ಅದಕ್ಕ ಜಾಲಿಗಡ್ಡಿ ಅಂತಿದ್ದರು. ಎಷ್ಟು ಹಿಂದ ಅಂತ ನನ್ನ ಕೇಳಬ್ಯಾಡ್ರಿ. ಆಗ ಸೈಕಲ್ ಇದ್ದವು, ವಿಮಾನ ಇದ್ದವು, ಆದರ ಜಾಲಿಗಡ್ಡಿಗೆ ಸೇತುವೆ ಇರಲಿಲ್ಲ. ದಂಡಿಗೆ ಹೋಗಬೇಕಂದರ ಹರಗೋಲು ಹತ್ತಬೇಕು, ಇಲ್ಲಾ ಈಜಬೇಕು. ಅಂಥಾ ಕಾಲ.

ಆ ಊರಾಗ ತಿಮ್ಮವ್ವ ಅಂತ ಒಬ್ಬಾಕಿ ಇದ್ದಳು. ಗಂಡ ಸತ್ತ ಮ್ಯಾಲೆ ಆಕೀನೇ ಹುಟ್ಟು ಹಿಡಿದು ಹರಗೋಲು ಹಾಕತಿದ್ದಳು. ಆಕಿ ಮಗಳು ಅಮರವ್ವ. ಅಮರವ್ವ ಹರಗೋಲಿನಾಗೇ ಹುಟ್ಟಿದಳು ಅಂತಾರ. ತಿಮ್ಮವ್ವಗ ಬ್ಯಾನಿ ಎದ್ದಾಗ ಹರಗೋಲು ನಟ್ಟನಡು ಹೊಳಿಯಾಗಿತ್ತಂತ, ಕೂಸು ಭೂಮಿಗೆ ಬಂದಾಗ ಕಾಲ ಕೆಳಗ ಭೂಮಿನೇ ಇರಲಿಲ್ಲಂತ. ಖರೇನೋ ಸುಳ್ಳೋ, ಹೇಳೋರು ಹಂಗ ಹೇಳತಾರ. ನಡಿಯೋದಕ್ಕಿಂತ ಮೊದಲು ಈಜು ಕಲಿತಳು ಅನ್ನೂದನ್ನ ಮಾತ್ರ ಎಲ್ಲಾರೂ ಒಪ್ಪತಾರ.

ಸಾಲಿ ಇದ್ದದ್ದು ಹೊಳಿ ಆಚೆ, ಗುಡ್ಡದ ಮ್ಯಾಲಿನ ಊರಾಗ. ಅಮರವ್ವ ಮುಂಜಾನೆದ್ದು ಬಟ್ಟಿ, ಬುತ್ತಿ, ಪಾಟಿ ಎಲ್ಲಾ ಒಂದು ಕೊಡದಾಗ ಹಾಕಿ, ಕೊಡದ ಬಾಯಿಗೆ ಅರಿವಿ ಬಿಗಿದು, ಅದನ್ನ ಮುಂದ ತಳ್ಳಿಕೋತ ಹೊಳಿ ದಾಟತಿದ್ದಳು. ದಂಡಿ ಮ್ಯಾಲೆ ಅಪ್ಪನ ಹಳೇ ಸೈಕಲ್ ಇತ್ತು. ಅದನ್ನ ತುಳಿದು ಗುಡ್ಡದ ಬುಡಕ್ಕ ಹೋಗತಿದ್ದಳು. ಅಲ್ಲಿಂದ ಮ್ಯಾಲೆ ಬರೇ ಕಲ್ಲಿನ ದಾರಿ, ಸೈಕಲ್ ಏರಂಗಿಲ್ಲ. ಗಂಟಿ ಬಾರಿಸೋದರಾಗ ಮುಟ್ಟಬೇಕಂತ ಓಡತಿದ್ದಳು. ಬರೋವಾಗ ಮತ್ತ ಓಟ, ಮತ್ತ ಸೈಕಲ್, ಮತ್ತ ಈಜು. ಅದು ಒಂದು ಪಂದ್ಯ ಅಂತ ಆಕಿಗೆ ಗೊತ್ತಿರಲಿಲ್ಲ. ಆಕಿಗೆ ಅದು ಸಾಲಿ ದಾರಿ.

ಒಂದು ವರ್ಷ ಹೊಳಿ ತುಂಬಿ ಬಂತು. ಎಂಥಾ ಹೊಳಿ ಅಂದರ, ಹರಗೋಲುಗಳನ್ನೆಲ್ಲಾ ಮರಕ್ಕ ಕಟ್ಟಿ ಹಾಕಿದರು. ಅಂಥಾದ್ದರಾಗ ಹಂಪಮ್ಮ ಅನ್ನೋಳ ಸಣ್ಣ ಮಗಳಿಗೆ ಹಾವು ಕಡೀತು. ದವಾಖಾನಿ ಗುಡ್ಡದ ಮ್ಯಾಲೆ. ಗಂಡಸರು ದಂಡಿಗೆ ಬಂದು ನೀರು ನೋಡಿ ಹಿಂದ ಸರಿದರು. ತಿಮ್ಮವ್ವ ಸುದ್ದಾ, ಈ ನೀರಾಗ ಹುಟ್ಟು ನಿಲ್ಲಂಗಿಲ್ಲ ಅಂದಳಂತ.

ಅಮರವ್ವ ಮನಿಗೆ ಓಡಿದಳಂತ. ಮನಿಯಾಗಿನ ದೊಡ್ಡ ತಾಮ್ರದ ಹಂಡೆ ತಂದಳು. ಕೂಸನ್ನ ಅದರಾಗ ಕೂಡಿಸಿ, ಸುತ್ತ ಕೌದಿ ತುರುಕಿ, ಹಂಡೆ ಎತ್ತಿಸಿಕೊಂಡು ಗಡ್ಡಿಯ ಮ್ಯಾಲಿನ ತುದಿಗೆ ನಡೆದಳು. ಮಂದಿ ಅಂದರು, ದವಾಖಾನಿ ಈ ಕಡೆ, ನೀನು ಆ ಕಡೆ ಯಾಕ ಹೋಗತಿ ಅಂತ. ಆದರ ತಿಮ್ಮವ್ವ ಮಗಳಿಗೆ ಕಲಿಸಿದ್ದು ಅದನ್ನೇ. ತುಂಬಿದ ಹೊಳಿಯಾಗ ಮುಟ್ಟೋ ದಂಡಿ ನೋಡಿ ಈಜಬಾರದು, ಅದಕ್ಕಿಂತ ಮ್ಯಾಲೆ, ನೀರು ಬರೋ ಕಡೆ ನೋಡಿ ಈಜಬೇಕು, ಉಳಿದದ್ದು ಹೊಳಿ ಮಾಡತೈತಿ ಅಂತ.

ಅಮರವ್ವ ಇಳಿದಳು. ಹಂಡೆ ತಳ್ಳಿಕೋತ ಈಜಿದಳು. ನಡು ಹೊಳಿಯಾಗ ಒಂದು ಮೊಸಳಿ ತಲಿ ಎತ್ತಿ ಹಂಡೆ ನೋಡಿತು, ಕೂಸನ್ನ ನೋಡಿತು, ಮುಳುಗಿ ದಾರಿ ಬಿಟ್ಟಿತು ಅಂತಾರ. ಮೊಸಳಿ ಅಲ್ಲ, ತೇಲಿ ಬಂದ ಕೊರಡು ಅಂತ ಅನ್ನೋರೂ ಅದಾರ. ದಂಡಿ ಮುಟ್ಟಿದ ಮ್ಯಾಲೆ ಕೂಸನ್ನ ಬೆನ್ನಿಗೆ ಕಟ್ಟಿ ಸೈಕಲ್ ತುಳಿದಳು. ಸೈಕಲ್ ಎಸೆದು ಗುಡ್ಡ ಏರಿದಳು. ದವಾಖಾನಿ ಬಾಗಿಲದಾಗ ಕೂಸನ್ನ ಕೊಟ್ಟು ಅಲ್ಲೇ ಕುಂತಳು. ಆ ಕೂಸು ಬದುಕಿತು. ಬದುಕಿ, ಮಕ್ಕಳನ್ನ ಹಡೆದು, ಮೊಮ್ಮಕ್ಕಳನ್ನ ಕಂಡಿತು. ಆ ಕೂಸೇ ನಮ್ಮಜ್ಜಿಯ ಅಜ್ಜಿ. ಅದಕ್ಕ ಈ ಕಥಿ ನಮ್ಮ ಮನಿಯಾಗ ಉಳೀತು.

ಆ ದಿನ ಗುಡ್ಡದ ದಾರಿಯಾಗ ರಾಚೋಟಿ ಮಾಸ್ತರ ನಿಂತಿದ್ದರಂತ. ಅವರು ಸಾಲಿಯಾಗ ಆಟ ಕಲಿಸೋರು. ಹರೇದಾಗ ತಾವೂ ಓಡಿದವರು. ಬೆನ್ನ ಮ್ಯಾಲೆ ಕೂಸು ಕಟ್ಟಿಕೊಂಡು, ತೊಯ್ದ ಬಟ್ಟಿಯಾಗ, ಉಸಿರು ತಪ್ಪದಂಗ ಗುಡ್ಡ ಏರತಿದ್ದ ಹುಡುಗೀನ್ನ ನೋಡಿ ಅವರು ದಾರಿ ಬಿಟ್ಟು ಸರಿದು ನಿಂತರು. ಹೊಳಿ ಇಳಿದ ಮ್ಯಾಲೆ ತಿಮ್ಮವ್ವನ ಹರಗೋಲು ಹತ್ತಿ ಮನಿತನಕ ಬಂದರು. ನಿನ್ನ ಮಗಳು ದಿನಾ ಮಾಡೋ ಕೆಲಸಕ್ಕ ಜಗತ್ತಿನಾಗ ಒಂದು ಪಂದ್ಯ ಐತಿ ಅಂತ ಹೇಳಿದರು. ಮೊದಲು ಈಜಬೇಕು, ಮೈ ಆರೋದರಾಗ ಸೈಕಲ್ ಹತ್ತಬೇಕು, ಸೈಕಲ್ ಇಳಿದು ಓಡಬೇಕು. ಓದಿದವರು ಅದಕ್ಕ ಟ್ರಯಥ್ಲಾನ್ ಅಂತಾರ. ನಮ್ಮ ಗಡ್ಡಿಯವರ ನಾಲಿಗಿಗೆ ಅದು ಹೊಳ್ಳಲಿಲ್ಲ. ಅವರು ಮೂರು ದಾಟು ಅಂದರು.

ಮಾಸ್ತರ ಕಲಿಸಿದರು. ಆಕಿ ಕಲಿತಳು. ಒಂದು ದಿನದ ಮಾತಲ್ಲ, ವರ್ಷಾನುಗಟ್ಟಲೆ. ಮೊದಲು ಪಟ್ಟಣದ ಕೆರಿಯಾಗ ಈಜಿ ಸೋತಳು. ಆಮ್ಯಾಲೆ ಗೆದ್ದಳು. ಆಮ್ಯಾಲೆ ಬ್ಯಾರೆ ನಾಡಿನ ಸಮುದ್ರದಾಗ ಈಜಿದಳು, ಅಲ್ಲೂ ಮೊದಲು ಸೋತು ಆಮ್ಯಾಲೆ ಗೆದ್ದಳು. ಹಿಂಗ ಮೆಟ್ಟಲು ಮೆಟ್ಟಲಾಗಿ ಏರಿ, ಕಡೇಕ ಒಂದಿನ ಎಲ್ಲಾದಕ್ಕಿಂತ ದೊಡ್ಡ ಪಂದ್ಯಕ್ಕ ಕರೆ ಬಂತು. ಜಗತ್ತಿನಾಗ ಯಾರು ಯಾರು ಗಟ್ಟಿಗಿತ್ತಿಯರೋ ಅವರಷ್ಟೇ ನಿಲ್ಲೋ ಸಾಲು ಅದು. ಆ ಸಾಲಿನಾಗ ನಮ್ಮ ಹೊಳಿ ನೀರು ಕುಡಿದವರು ಯಾರೂ ಅಲ್ಲೀತನಕ ನಿಂತಿರಲಿಲ್ಲ.

ಆ ಊರು ಏಳು ಸಮುದ್ರದ ಆಚೆ ಇತ್ತು ಅಂತಾರ. ಥಂಡಿ ದೇಶ. ಸಮುದ್ರ ಊರೊಳಗ ಕಾಲುವಿ ಹಂಗ ನುಗ್ಗಿ, ಎರಡೂ ಕಡೆ ಆಕಾಶದಷ್ಟು ಎತ್ತರದ ಮನಿ. ಅಮರವ್ವ ಮಾಸ್ತರ ಜೋಡಿ ಅಲ್ಲಿಗೆ ಹೋದಳು. ಮುಂಜಾನೆ ನೀರಿನ ದಂಡಿಗೆ ಬಂದರ, ಹೆಣ್ಣುಮಕ್ಕಳು ಸಾಲಾಗಿ ನಿಂತಾರ, ಒಬ್ಬೊಬ್ಬರೂ ಬಿಲ್ಲಿನಂಗ ಬಿಗಿದು, ಚಳಿ ತಡಿಯೋ ಕರಿ ರಬ್ಬರಿನ ಅಂಗಿ ತೊಟ್ಟು, ಮೀನಿನಂಗ ಹೊಳಕೋತ. ಅಮರವ್ವನ ಮಾರಿ ಬಿಳಿಚಿತು.

"ಮಾಸ್ತರ, ಇವರೂ ಈಜತಾರ, ಸೈಕಲ್ ಹೊಡೀತಾರ, ಓಡತಾರ. ನಾನೂ ಅದನ್ನೇ ಮಾಡತೀನಿ. ಮತ್ತ ನನ್ನ ಕಾಲು ಯಾಕ ನಡಗತಾವ?" ಅಂದಳಂತ.

"ನನ್ನವೂ ನಡಗತಾವ," ಅಂದರು ಮಾಸ್ತರ. "ಚಳಿಗೆ ಅಂತ ತಿಳಕೋ."

ಆಮ್ಯಾಲೆ ಅವರು ಆ ಪಂದ್ಯದ ಒಂದು ಕಟ್ಟಳಿ ಮತ್ತೊಮ್ಮೆ ನೆನಪು ಮಾಡಿದರು. ಸೈಕಲ್ ದಾರಿ ಊರ ಸುತ್ತ ಸುತ್ತಿ ಸುತ್ತಿ ಬರತೈತಿ. ಮುಂದಿನವರು ಒಂದು ಸುತ್ತು ಹೆಚ್ಚು ಹಾಕಿ ಹಿಂದಿನಿಂದ ಬಂದು ನಿನ್ನನ್ನ ದಾಟಿದರ, ಅಲ್ಲಿಗೆ ಮುಗೀತು. ನಿನ್ನನ್ನ ಇಳಿಸಿ ಪಕ್ಕಕ್ಕ ನಿಲ್ಲಸತಾರ. ಪಂದ್ಯ ಮುಗಿಸಿದವರ ಲೆಕ್ಕದಾಗ ನೀನು ಇರಂಗಿಲ್ಲ. ಅಮರವ್ವ ಗೋಣು ಹಾಕಿದಳು.

ನೀರಿಗೆ ಹಾರೋ ಕಟ್ಟಿ ಮ್ಯಾಲೆ ಜಾಗ ಆರಿಸಿಕೊಳ್ಳೋದಕ್ಕೂ ಒಂದು ಪದ್ಧತಿ ಇತ್ತು. ಮೊದಲು ದೊಡ್ಡ ಹೆಸರಿನವರು ಆರಿಸಬೇಕು, ಹೊಸಬರು ಕಡೇಕ. ಎಲ್ಲಾರೂ ಒಂದು ತುದಿಗೆ ಹೋಗಿ ಗಿಜಿಗಿಜಿ ನಿಂತರು, ಯಾಕಂದರ ಈಜೋರು ಸುತ್ತಿ ಬರಬೇಕಾದ, ನೀರಾಗ ತೇಲಿಬಿಟ್ಟ ಗುರುತಿನ ಬುರುಡಿ ಆ ತುದಿಗೆ ಹತ್ತರ. ಅಮರವ್ವನ ಪಾಳಿ ಬಂದಾಗ ಉಳಿದದ್ದು ಯಾರಿಗೂ ಬ್ಯಾಡಾದ ಇನ್ನೊಂದು ತುದಿ. ಆಕಿ ಹೋಗಿ ನಿಂತಳು. ನಿಂತು ನೀರು ನೋಡಿದಳು. ನೀರಿನ ಮ್ಯಾಲೆ ಒಂದು ಬಿಳಿ ಗರಿ ತೇಲತಿತ್ತಂತ. ಅದು ಆಕಿ ಕಾಲ ಬುಡದಿಂದ ಹೊಂಟು ಬುರುಡಿ ಕಡೆ ಜೋರಾಗಿ ಹೋತು. ಸಮುದ್ರ ಇಳಿಯೋ ಹೊತ್ತು ಅದು, ನೀರಿಗೆ ಸೆಳವಿತ್ತು. ಅಮರವ್ವನ ಕಾಲು ನಡಗೋದು ಅಲ್ಲಿಗೆ ನಿಂತಿತು ಅಂತಾರ. ಬಗ್ಗಿ ನೀರು ಮುಟ್ಟಿ ಹಣಿಗೆ ಹಚ್ಚಿಕೊಂಡಳು.

ಕೊಂಬು ಊದಿತು. ಎಲ್ಲಾರೂ ಹಾರಿದರು. ಆ ಕಡೆ ಗಿಜಿಗಿಜಿ ನಿಂತವರು ಒಬ್ಬರ ಮ್ಯಾಲೆ ಒಬ್ಬರು ಬಿದ್ದು, ಕೈ ಕೈಗೆ ಬಡಿದು, ಸೆಳವು ಅವರನ್ನ ಬುರುಡಿ ದಾಟಿಸಿ ಆಚೆ ಒಯ್ದಿತು. ಅವರು ತಿರುಗಿ ಸೆಳವಿಗೆ ಎದುರಾಗಿ ಬಡಿದಾಡಬೇಕಾತು. ಅಮರವ್ವ ಮಾತ್ರ ಬುರುಡಿಗಿಂತ ಎಷ್ಟೋ ಮ್ಯಾಲೆ ನೋಡಿ ಈಜಿದಳು. ದಂಡಿ ಮ್ಯಾಲಿನ ಮಂದಿ, ಈ ಹುಡುಗಿಗೆ ದಾರಿ ತಪ್ಪೇತಿ ಅಂದುಕೊಂಡರಂತ. ತಪ್ಪಿರಲಿಲ್ಲ. ನೀರು ಆಕಿನ್ನ ಹೊತ್ತು ತಂದು ಬುರುಡಿಯ ಮಗ್ಗಲಾಗ ಬಿಟ್ಟಿತು. ಮೆಟ್ಟಲು ಹತ್ತಿ ಮ್ಯಾಲೆ ಬಂದಾಗ ಆಕಿ ಮುಂದ ಯಾರೂ ಇರಲಿಲ್ಲ. ಜಗತ್ತಿನ ಗಟ್ಟಿಗಿತ್ತಿಯರೆಲ್ಲಾ ಇನ್ನೂ ನೀರಾಗಿದ್ದರು. ಮಾಸ್ತರ ಟೊಪಗಿ ತಗದು ಎದಿಗೆ ಒತ್ತಿಕೊಂಡು ನಿಂತರಂತ.

ಇಲ್ಲಿಗೆ ನಿಲ್ಲಿಸಿ, ಅಮರವ್ವ ಗೆದ್ದಳು ಅಂತ ಹೇಳೋರು ಅದಾರ. ಬಸ್‌ಸ್ಟ್ಯಾಂಡಿನಾಗ ಹಂಗೇ ಹೇಳತಾರ. ನಮ್ಮನಿಯಾಗ ಹಂಗ ಹೇಳಂಗಿಲ್ಲ. ಆದದ್ದು ಆದಂಗ ಹೇಳತೀವಿ.

ಸೈಕಲ್ ಹತ್ತಿದಳು. ಸ್ವಲ್ಪ ದೂರ ಒಬ್ಬಳೇ ಮುಂದ ಹೋದಳು. ಆಮ್ಯಾಲೆ ಹಿಂದಿನಿಂದ ಜೇನಿನ ಹಿಂಡು ಬಂದಂಗ ಎಲ್ಲಾರೂ ಬಂದು ಆಕಿನ್ನ ನುಂಗಿಬಿಟ್ಟರು. ಗಾಲಿಗೆ ಗಾಲಿ ಗೇಣಿನಷ್ಟು ಅಂತರ, ಭುಜಕ್ಕ ಭುಜ. ಅಮರವ್ವ ಹೊಳಿ ದಂಡಿಯಾಗ ಒಬ್ಬಳೇ ಸೈಕಲ್ ಹೊಡೆದಾಕಿ. ಸಣ್ಣ ಪಂದ್ಯದಾಗ ಇಂಥಾ ಹಿಂಡು ಕಂಡಿರಲಿಲ್ಲ. ಒಂದು ತಿರುವಿನಾಗ ಅಂಜಿ ಬ್ರೇಕ್ ಹಿಡಿದಳು. ಹಿಂದಿದ್ದಾಕಿಯ ಗಾಲಿ ಆಕಿ ಗಾಲಿಗೆ ತಾಗಿತು. ಇಬ್ಬರೂ ಬಿದ್ದರು. ಉಳಿದವರು ಸುಳಿದು ಹೋದರು, ಹಿಂಡು ಕಣ್ಮರಿ ಆತು.

ಬಿದ್ದ ಇನ್ನೊಬ್ಬಾಕಿ ಹೆಸರು ಮಾರ್ತಾ. ನಮ್ಮ ಗಡ್ಡಿಯವರು ಮಾರ್ತವ್ವ ಅಂತಾರ. ಆಕಿ ಆ ಪಂದ್ಯ ಹಿಂದ ಗೆದ್ದಾಕಿ, ಅವತ್ತೂ ಗೆಲ್ಲಬೇಕಾದಾಕಿ. ಎದ್ದವಳೇ ಅಮರವ್ವನ ಮಾರಿ ನೋಡಿ ಏನೇನೋ ಅಂದಳು. ಯಾವ ಭಾಷಾನೋ. ಬೈಗುಳಕ್ಕ ಭಾಷಾ ಬೇಕಾಗಂಗಿಲ್ಲ, ಅಮರವ್ವಗ ಎಲ್ಲಾ ತಿಳೀತು.

ಅಮರವ್ವನ ಮಣಕಾಲು ಒಡೆದು ರಕ್ತ ಇಳೀತಿತ್ತು, ಆದರ ಸೈಕಲ್ ನೆಟ್ಟಗಿತ್ತು. ಹತ್ತಿ ಹೋಗಬಹುದಿತ್ತು. ಮಾರ್ತವ್ವನ ಸೈಕಲ್ಲಿನ ಚೈನು ಸಿಕ್ಕಿಬಿದ್ದಿತ್ತು. ಒಬ್ಬರ ಸೈಕಲ್ಲಿಗೆ ಇನ್ನೊಬ್ಬರು ಕೈ ಹಚ್ಚೋದು ಸರಿಯೋ ತಪ್ಪೋ ಅಮರವ್ವಗ ಗೊತ್ತಾಗಲಿಲ್ಲ. ಕೈ ಹಚ್ಚಲಿಲ್ಲ. ಬಿಟ್ಟೂ ಹೋಗಲಿಲ್ಲ. ಅಲ್ಲೇ ಒಂದು ಕಾಲು ಊರಿ ನಿಂತಳು. ನಿಂತಷ್ಟೂ ಹೊತ್ತು ಮುಂದಿನವರು ಊರು ಸುತ್ತಿ ಹಿಂದಿನಿಂದ ಹತ್ತರ ಆಗತಿದ್ದರು. ಅದು ಆಕಿಗೆ ಗೊತ್ತಿತ್ತು. ದೂರದಿಂದ ನೋಡತಿದ್ದ ಮಾಸ್ತರಗ ಗೊತ್ತಿತ್ತು. ಹೋಗು ಅಂತ ಕೂಗಬೇಕಂತ ಅವರು ಬಾಯಿ ತೆರೆದರಂತ. ತೆರೆದವರು ಮುಚ್ಚಿಕೊಂಡರಂತ.

ಕಡೇಕ ಚೈನು ಕುಂತಿತು. ಮಾರ್ತವ್ವ ತಲಿ ಎತ್ತಿ ನೋಡತಾಳ, ಈ ಹುಡುಗಿ ಇನ್ನೂ ನಿಂತಾಳ.

"ತಪ್ಪಾತು ಅಕ್ಕ," ಅಂದಳು ಅಮರವ್ವ, ನಮ್ಮ ಮಾತಿನಾಗೇ. "ಬಾ. ನನ್ನ ಬೆನ್ನ ಹಿಂದ ಬಾ."

ಅಂದು ಮುಂದಾದಳು. ಸಮುದ್ರದ ಗಾಳಿ ಮಾರಿಗೆ ಹೊಡೀತಿತ್ತು. ಆ ಗಾಳಿಗೆ ತಾನು ಅಡ್ಡ ನಿಂತು ಮಾರ್ತವ್ವನ್ನ ಮರಿಯಾಗ ಇಟ್ಟುಕೊಂಡು ತುಳಿದಳು. ಕಾಲು ಸೋತಾಗ ಮಾರ್ತವ್ವ ಮಗ್ಗಲಿಗೆ ಬಂದು, ಕೈಸನ್ನಿ ಮಾಡಿ, ತಾನು ಮುಂದಾದಳು. ಮುಂದಾದಾಕಿ ಹಿಂದ ಕೈ ಚಾಚಿ, ಬೆರಳಿನಿಂದ ತೋರಿಸಿದಳು, ನಿನ್ನ ಗಾಲಿ ಇಲ್ಲಿಡು, ಇಷ್ಟು ಹತ್ತರ ಇಡು, ಅಂಜಬ್ಯಾಡ ಅಂತ. ತಿರುವು ಬಂದಾಗ ಎಷ್ಟು ವಾಲಬೇಕು ಅಂತ ವಾಲಿ ತೋರಿಸಿದಳು. ಅಮರವ್ವ ಅದನ್ನ ನೋಡಿ ನೋಡಿ ಹಂಗೇ ಮಾಡಿದಳು. ಬೀಳಿಸಿದಾಕಿಗೆ ಬಿದ್ದಾಕಿ ಕಲಿಸಿದಳು. ಓಡೋ ಸೈಕಲ್ ಮ್ಯಾಲೆ, ಜಗತ್ತಿನ ಕಣ್ಣ ಮುಂದ.

ಹಿಂಗ ಸುತ್ತಿನ ಮ್ಯಾಲೆ ಸುತ್ತು ಹೋದರು. ಹಿಂದ ಗುಡುಗಿನಂಗ ಸಪ್ಪಳ ಕೇಳಾಕ ಹತ್ತಿತು. ಅದು ಮುಂದಿನವರ ಹಿಂಡು. ಅವರಿಗೆ ಅದು ಕಡೇ ಸುತ್ತಿನ ಕೊನಿ. ಈ ಇಬ್ಬರಿಗೆ ಇನ್ನೂ ಒಂದು ಸುತ್ತು ಬಾಕಿ. ಸುತ್ತು ಮುಗಿಯೋ ಗೆರಿ ಮುಟ್ಟೋದರಾಗ ಹಿಂಡು ಇವರನ್ನ ದಾಟಿದರ ಇಬ್ಬರೂ ಪಕ್ಕಕ್ಕ. ಕೆಂಪು ಬಾವುಟ ಹಿಡಿದ ಮನಷ್ಯಾ ಮೋಟಾರ್ ಸೈಕಲ್ ಮ್ಯಾಲೆ ಇವರ ಮಗ್ಗಲಿಗೇ ಬಂದನಂತ, ಬಾವುಟ ಅರ್ಧ ಎತ್ತಿದ್ದನಂತ. ಮಾರ್ತವ್ವ ತುಳಿದಳು. ಅಮರವ್ವ ತುಳಿದಳು. ಗಾಳಿಗೆ ಯಾರು ಮುಂದ ಯಾರು ಹಿಂದ ಅನ್ನೋ ಪಾಳಿ ಮರೆತು ಇಬ್ಬರೂ ಜೋಡಿಗೆ ತುಳಿದರು. ಗೆರಿ ದಾಟಿದರು. ಹಿಂದಿನ ಹಿಂಡಿನ ನೆರಳು ಇವರ ಗಾಲಿ ಮುಟ್ಟಿತ್ತು ಅಂತಾರ. ಹಿಂಡು ಸೈಕಲ್ ಬಿಟ್ಟು ಓಡಾಕ ಬಲಕ್ಕ ಹೊಳ್ಳಿತು. ಬಾವುಟದವ ಬಾವುಟ ಇಳಿಸಿ, ಇವರನ್ನ ನೋಡಿ ತಲಿ ಬಾಗಿಸಿದ.

ಮುಂದಿನ ಸುತ್ತಿನಾಗ ಆ ದೊಡ್ಡ ದಾರಿ ಮ್ಯಾಲೆ ಬ್ಯಾರೆ ಯಾರೂ ಇರಲಿಲ್ಲ. ಅಷ್ಟು ಅಗಲ ದಾರಿ, ಎರಡೂ ಕಡೆ ಮಂದಿ, ನಡುವ ಇಬ್ಬರೇ ಹೆಣ್ಣುಮಕ್ಕಳು. ಆ ಸುತ್ತಿನಾಗ ಗಾಳಿ ಬಿದ್ದಿತ್ತು ಅಂತಾರ. ಹಂಗಂತ ನಮ್ಮಜ್ಜಿ ಹೇಳೋವಾಗ ಪ್ರತಿ ಸಲ ದನಿ ಸಣ್ಣದು ಮಾಡತಿದ್ದಳು.

ಸೈಕಲ್ ಇಳಿದು ಓಟಕ್ಕ ನಿಂತಾಗ ಅಮರವ್ವನ ಮಣಕಾಲು ಮಡಚಲಿಲ್ಲ. ಬಾತು ಹಲಸಿನ ಕಾಯಿ ಆಗಿತ್ತು. ಮಾರ್ತವ್ವ ಓಡಾಕ ಹೊಂಟಾಕಿ ಹಿಂದ ತಿರುಗಿ ನೋಡಿದಳು, ನಿಂತಳು. ಅಮರವ್ವ ಕೈ ಬೀಸಿ ಹೋಗು ಅಂದಳು. ಮಾರ್ತವ್ವ ಹೋಗಲಿಲ್ಲ. ಅಮರವ್ವ ಮತ್ತೊಮ್ಮೆ ಬೀಸಿದಳು, ಈ ಸಲ ಸಿಟ್ಟಿನಿಂದ. ಆಗ ಹೋದಳು. ಹೋಗಿ ಮುಂದಿದ್ದ ಎಷ್ಟೋ ಮಂದೀನ್ನ ಹಿಂದ ಹಾಕಿದಳು ಅಂತಾರ.

ಅಮರವ್ವ ಒಬ್ಬಳೇ ಉಳಿದಳು. ಓಡಿದಳು. ಓಟ ಅನ್ನಬೇಕೋ ಕುಂಟು ಅನ್ನಬೇಕೋ. ಗೆದ್ದಾಕಿ ಗೆರಿ ದಾಟಿ ಹೂವು ಹಿಡಿದು ನಿಂತಿದ್ದಳು. ಆಕಿ ದೇಶದ ಹಾಡು ಬಾರಿಸಿದ್ದೂ ಮುಗೀತು. ಅಮರವ್ವ ಇನ್ನೂ ದಾರಿ ಮ್ಯಾಲೆ. ಆ ಹೊತ್ತಿನಾಗ ಏನು ಅನಸತಿತ್ತು ಅಂತ ಆಮ್ಯಾಲೆ ತಿಮ್ಮವ್ವ ಕೇಳಿದ್ದಳಂತ. ನಡು ಹೊಳಿಯಾಗ ಇರತೈತಲ್ಲ, ಈ ದಂಡಿನೂ ದೂರ ಆ ದಂಡಿನೂ ದೂರ, ತಿರುಗಿ ಹೋದರೂ ಅಷ್ಟೇ ಮುಂದ ಹೋದರೂ ಅಷ್ಟೇ, ಹಂಗಿತ್ತು ಅಂದಿದ್ದಳಂತ. ಹಂಗಾಗಿ ಮುಂದೇ ಹೋದೆ ಅಂದಿದ್ದಳಂತ.

ಆ ಊರ ಮಂದಿ ಎದ್ದು ಮನಿಗೆ ಹೋಗಲಿಲ್ಲ. ಆಕಿ ಮೊದಲು ನೀರಿನಿಂದ ಎದ್ದು ಬಂದದ್ದು ನೋಡಿದ್ದರು, ಬಿದ್ದದ್ದು ನೋಡಿದ್ದರು, ನಿಂತದ್ದು ನೋಡಿದ್ದರು. ಆಕಿ ಹತ್ತರ ಬಂದಂಗ ಮೊದಲು ಚಪ್ಪಾಳಿ ಎದ್ದಿತು. ಆಮ್ಯಾಲೆ ಅದೂ ನಿಂತಿತು ಅಂತಾರ. ಹೊಳಿಗೆ ಹೊಸ ನೀರು ಬರೋವಾಗ ದಂಡಿ ಮ್ಯಾಲಿನ ಮಂದಿ ಹೆಂಗ ಸುಮ್ಮನಾಗತಾರೋ ಹಂಗ ಸುಮ್ಮನಾದರು. ಸುಮ್ಮನೆ ಎದ್ದು ನಿಂತರು. ಅಷ್ಟು ಸಾವಿರ ಮಂದಿಯ ನಡುವ ಆಕಿ ಹೆಜ್ಜಿ ಸಪ್ಪಳ ಒಂದೇ ಕೇಳತಿತ್ತಂತ, ಒಂದು ಗಟ್ಟಿ, ಒಂದು ಮೆತ್ತಗ.

ಗೆರಿ ಆಚೆ ಮಾರ್ತವ್ವ ನಿಂತಿದ್ದಳು. ಎಂದೋ ಓಡಿ ಮುಗಿಸಿದ್ದಳು, ಮೈಗೆ ಕಂಬಳಿ ಹೊದ್ದಿದ್ದಳು, ಚಳಿಗೆ ತುಟಿ ನೀಲಿ ಆಗಿತ್ತು. ಒಳಗ ಬಾ ಅಂದವರ ಮಾತು ಕೇಳದೆ ಅಲ್ಲೇ ಕಾದಿದ್ದಳು. ಅಮರವ್ವ ಗೆರಿ ದಾಟಿದ ಕೂಡಲೇ ಆಕಿನ್ನ ತೋಳಿಗೆ ಹಿಡಿದು, ನೀರಿನ ಬಾಟಲಿ ಬಾಯಿಗೆ ಹಿಡಿದಳು. ಏನೋ ಕೇಳಿದಳು. ಮಾಸ್ತರ ತಿಳಿಸಿ ಹೇಳಿದರು.

"ನನಗಾಗಿ ಯಾಕ ನಿಂತಿ ಅಂತ ಕೇಳತಾಳ."

"ಬೀಳಿಸಿದಾಕಿ ನಾನು," ಅಂದಳು ಅಮರವ್ವ. "ಬಿಟ್ಟು ಹೋಗಲಿ ಹೆಂಗ ಅಂತ ಕೇಳ್ರಿ."

ಮಾಸ್ತರ ಹೇಳಿದರು. ಮಾರ್ತವ್ವ ಅತ್ತಳು ಅಂತಾರ ಕೆಲವರು. ಕಂಬಳಿ ತಗದು ಅಮರವ್ವನ ಮೈಗೆ ಹೊದಿಸಿದಳು ಅಂತಾರ ಕೆಲವರು. ಎರಡೂ ಆಗಿರಬಹುದು. ಪಂದ್ಯ ಮುಗಿಸಿದವರೆಲ್ಲಾರ ಹೆಸರು ಗೋಡಿ ಮ್ಯಾಲೆ ಮೂಡಿತು. ಎಲ್ಲಾದಕ್ಕಿಂತ ಕೆಳಗ, ಕಡೇ ಹೆಸರು, ನಮ್ಮ ಅಮರವ್ವಂದು.

ಊರಿಗೆ ಬಂದಾಗ ಹೊಳಿ ದಂಡಿಯಾಗ ತಿಮ್ಮವ್ವ ಹರಗೋಲು ತಂದು ಕಾದಿದ್ದಳು. ಮಗಳು ಕುಂಟಿಕೋತ ಬಂದು ಕುಂತಳು. ಹರಗೋಲು ದಂಡಿ ಬಿಟ್ಟು ಸ್ವಲ್ಪ ದೂರ ಹೋತು.

"ದಾಟಿದ್ಯಾ?" ಅಂದಳು ತಿಮ್ಮವ್ವ.

"ದಾಟಿದೆ."

"ಮೂರೂ?"

"ಮೂರೂ."

ತಿಮ್ಮವ್ವ ಹುಟ್ಟು ಹಾಕಿದಳು.

ಆಮ್ಯಾಲೆ ಅಮರವ್ವ ಆ ದೊಡ್ಡ ಸಾಲಿನಾಗ ಎಷ್ಟೋ ಸಲ ನಿಂತಳು, ಒಂದೆರಡು ಸಲ ಎಲ್ಲಾರಿಗಿಂತ ಮುಂದ ಬಂದಳು ಅಂತಾರ. ಮಾರ್ತವ್ವ ಒಮ್ಮೆ ಜಾಲಿಗಡ್ಡಿಗೆ ಬಂದು ಹರಗೋಲಿನಾಗ ಕುಂತು, ಜೋಳದ ರೊಟ್ಟಿ ತಿಂದು, ಖಾರಕ್ಕ ಕಣ್ಣೀರು ಹಾಕಿದಳು ಅಂತಾರ. ಅಮರವ್ವ ಮುದುಕಿ ಆಗೋತನಕ ಗಡ್ಡಿಯ ಹೆಣ್ಣುಮಕ್ಕಳಿಗೆಲ್ಲಾ ಈಜು ಕಲಿಸಿದಳು. ಸತ್ತಾಗ ಹೊಳಿ ದಂಡಿಯಾಗೇ ಮಣ್ಣು ಮಾಡಿದರು. ಆ ಜಾಗದ ಗುರುತು ಯಾವುದೋ ವರ್ಷದ ಹೊಳಿ ಒಯ್ದಿತು. ಗುರುತಿಲ್ಲ ಅಂತ ಯಾರೂ ಮರುಗಲಿಲ್ಲ.

ಈಗ ಗಡ್ಡಿಗೆ ಸೇತುವೆ ಆಗೇತಿ. ಆದರೂ ಹೊಳಿ ಇಳಿದು ನೀರು ತಿಳಿಯಾದ ಮ್ಯಾಲೆ, ಆ ವರ್ಷ ಈಜು ಕಲಿತ ಹುಡುಗಿಯರೆಲ್ಲಾ ಒಂದು ಮುಂಜಾನೆ ಗಡ್ಡಿಯ ಮ್ಯಾಲಿನ ತುದಿಯಿಂದ ನೀರಿಗೆ ಇಳೀತಾರ. ದಂಡಿಯಾಗ ಊರೇ ನಿಂತಿರತೈತಿ. ಮೊದಲು ಮುಟ್ಟಿದಾಕಿ ದಂಡಿ ಹತ್ತಂಗಿಲ್ಲ. ನಡುಮಟ್ಟದ ನೀರಾಗ ತಿರುಗಿ ನಿಲ್ಲತಾಳ. ಎರಡನೇದಾಕಿ ಬಂದು ಆಕಿ ಮಗ್ಗಲಿಗೆ ನಿಲ್ಲತಾಳ, ಆಮ್ಯಾಲೆ ಬಂದಾಕಿ ಅವರ ಮಗ್ಗಲಿಗೆ. ಹಿಂಗ ಸಾಲಾಗಿ ನಿಂತು ಎಲ್ಲಾರೂ ಹೊಳಿ ನೋಡತಾರ. ಕಡೇಕ ಬರೋ ಹುಡುಗಿ ಯಾರ ಮನಿಯಾಕಿನೇ ಇರಲಿ, ಆ ದಿನ ಆಕಿನ್ನ ಆಕಿ ಹೆಸರಿನಿಂದ ಕರಿಯಂಗಿಲ್ಲ. ದೂರದಾಗ ಆಕಿ ತಲಿ ಕಂಡ ಕೂಡಲೇ ದಂಡಿ ಮ್ಯಾಲಿನ ಮುದುಕಿಯರು ಹೇಳತಾರ, ಅಗೋ ಅಮರವ್ವ ಬಂದಳು, ಕೈ ಕೊಡ್ರಿ ಅಂತ.